ಬದನೆಕಾಯಿ ದೋಷ

ಸಂಜೆಯಾದರೆ ಆಕಾಶದೇವಿ ಸೂರ್ಯನನ್ನು ನುಂಗುತ್ತಾಳೆ, ಇರುಳೆಲ್ಲ ಅವನು ಅವಳ ಹೊಟ್ಟೆಯೊಳಗೆ ನಡೆಯುತ್ತಾನೆ, ಬೆಳಗಾದರೆ ಅವಳು ಅವನನ್ನು ಹೆರುತ್ತಾಳೆ. ರಾಜನ ಗೋರಿಯ ಒಳಮಾಡಿನಲ್ಲಿ ಬರೆದಿದ್ದ ಈ ಕಥೆಯನ್ನು ಗೈಡ್ ಶಾಜಲಿ ದಿನಾ ಅದೇ ಜಾಗದಲ್ಲಿ, ಗೋರಿಯ ಬಾಯಿಗೆ ಎದುರಾಗಿದ್ದ ಬಂಡೆಯ ನೆರಳಿನಲ್ಲಿ ನಿಂತು ಹೇಳುತ್ತಿದ್ದ. ಒಳಗೆ ಹೋಗಿ ಹೇಳುವಂತಿರಲಿಲ್ಲ. ಗೈಡುಗಳು ಗೋರಿಯೊಳಗೆ ಬಾಯಿ ಬಿಡಕೂಡದು ಎಂಬುದು ರಾಜರ ಗೋರಿಗಳಿದ್ದ ಆ ಕಣಿವೆಯ ನಿಯಮ; ಹೊರಗೇ ಎಲ್ಲವನ್ನೂ ಹೇಳಿ ಮುಗಿಸಿ, ಜನರನ್ನು ಒಳಗೆ ಕಳಿಸಿ, ತಾನು ಕೂತು ಚಹಾ ಕುಡಿಯಬೇಕು. ನಮ್ಮ ಹೆಂಗಸರು ಒಂಬತ್ತು ತಿಂಗಳು ಪಡುವ ಪಾಡನ್ನು ಈ ಮಹಾತಾಯಿ ಒಂದೇ ರಾತ್ರಿಯಲ್ಲಿ ಮುಗಿಸುತ್ತಾಳೆ ಎಂದು ಅವನು ಹೇಳಿದರೆ ಪ್ರವಾಸಿಗಳು ತಪ್ಪದೆ ನಗುತ್ತಿದ್ದರು. ಇವತ್ತು ಆ ಮಾತಿನ ಹತ್ತಿರ ಬರುವಷ್ಟರಲ್ಲಿ ಗೇಟಿನಿಂದ ಜನರನ್ನು ತರುವ ತೆರೆದ ಗಾಡಿ ಬಂದು ನಿಂತಿತು. ಬಿಸಿಲ ಟೋಪಿಗಳ ನಡುವೆ ಒಂದು ಹಸಿರು ತಲೆವಸ್ತ್ರ ಕೆಳಗಿಳಿಯಿತು. ಆ ತಲೆವಸ್ತ್ರವನ್ನು ಹೋದ ಹಬ್ಬಕ್ಕೆ ಅವನೇ ತಂದುಕೊಟ್ಟಿದ್ದ. ಬಾಯಲ್ಲಿದ್ದ 'ಹೆರುತ್ತಾಳೆ' ಎಂಬ ಮಾತು ಅರ್ಧಕ್ಕೇ ನಿಂತಿತು.

ಅವನ ಹೆಂಡತಿ ಹನಿಯಾ ಈ ಕಣಿವೆಗೆ ಬಂದದ್ದು ಇದೇ ಮೊದಲು. ನೈಲ್ ನದಿಯ ಆ ದಡದಲ್ಲಿ ಅವನ ಮನೆ, ಈ ದಡದಲ್ಲಿ ಅವಳ ತವರು, ಅದರಾಚೆಗೆ ಈ ಬೋಳು ಗುಡ್ಡಗಳು. ಹುಟ್ಟಿದಂದಿನಿಂದ ಕಂಡ ಗುಡ್ಡಗಳೊಳಗೆ ಟಿಕೇಟು ಕೊಂಡು ನುಗ್ಗುವ ಬುದ್ಧಿ ಊರವರಿಗೆ ಯಾಕೆ ಬರಬೇಕು? ಬಂದರೆ ಒಂದೇ ಕಾರಣಕ್ಕೆ ಬರುತ್ತಿದ್ದರು, ಅದೂ ಹೆಂಗಸರು. ಆ ಕಾರಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಅವನ ಅಂಗಿಗೆ ಇಸ್ತ್ರಿ ಹಾಕಿಕೊಡುವಾಗಲೂ ಅವಳು ಏನೂ ಹೇಳಿರಲಿಲ್ಲ. ಈಗ ಕರಿ ನಿಲುವಂಗಿಯ ಅಂಚನ್ನು ಧೂಳಿಗೆ ತಾಗದಂತೆ ಎತ್ತಿ ಹಿಡಿದು ಅವನ ಗುಂಪಿನ ಪಕ್ಕದಲ್ಲೇ ಹಾದುಹೋದಳು. ಹಾದುಹೋಗುವಾಗ ಕಣ್ಣೆತ್ತದೆ, ದಾರಿಯಲ್ಲಿ ಸಿಕ್ಕ ಯಾರಿಗೋ ಹೇಳುವಂತೆ, "ಸಲಾಮು ಅಲೈಕುಂ" ಅಂದಳು. ಅವನೂ ಯಾರಿಗೋ ಹೇಳುವಂತೆ "ವ ಅಲೈಕುಮುಸ್ಸಲಾಂ" ಅಂದ. ಅಂದು, ತಿರುಗಿ, ಕೆಂಪು ಟೋಪಿಯ ಮುದುಕಿಗೆ ಗೋರಿಯ ನಕ್ಷೆ ತೋರಿಸತೊಡಗಿದ. ಅವಳು ತನ್ನ ಮಾನ ಉಳಿಸುತ್ತಿದ್ದಾಳೆ ಎಂಬುದು ತಿಳಿಯುತ್ತಲೇ ಅವನ ಕಿವಿ ಬಿಸಿಯಾಯಿತು.

ಕಟ್ಟು ಬಿದ್ದಿದೆ ಎಂದು ಮೊದಲು ಹೇಳಿದವಳು ಅವನ ತಾಯಿ. ಮದುವೆಯಾದ ನಲವತ್ತು ದಿನದೊಳಗೆ ಹೆಣ ನೋಡಿ ಬಂದವರೋ, ಆಗಷ್ಟೇ ಕ್ಷೌರ ಮಾಡಿಸಿಕೊಂಡವರೋ, ಹಸಿ ಮಾಂಸವನ್ನೋ ಕರಿ ಬದನೆಕಾಯಿಯನ್ನೋ ಹಿಡಿದವರೋ ಮದುಮಗಳ ಕೋಣೆಯ ಹೊಸಿಲು ದಾಟಿದರೆ ಗರ್ಭಕ್ಕೆ ಕಟ್ಟು ಬಿದ್ದು ಬಸಿರಾಗುವುದಿಲ್ಲ ಎಂಬುದು ನೈಲಿನ ಎರಡೂ ದಂಡೆಯ ಹೆಂಗಸರಿಗೆ ಗೊತ್ತಿದ್ದ ಮಾತು. ಮೂರು ವರ್ಷ ಕಾದರೂ ಹನಿಯಾಳ ಹೊಟ್ಟೆ ತುಂಬದಿದ್ದಾಗ ಅವನ ತಾಯಿ ಜಪಮಣಿ ಎಣಿಸುತ್ತ, ಆ ನಲವತ್ತು ದಿನಗಳಲ್ಲಿ ಯಾರು ಯಾರು ಬಂದಿದ್ದರೆಂದು ನೆನಪಿಸಿಕೊಂಡು, ಕಡೆಗೆ ಬೀಗತಿಯ ಹೆಸರಿಗೆ ಬಂದು ನಿಂತಳು. ಹನಿಯಾಳ ತಾಯಿ ತನ್ನ ತುಂಡು ಹೊಲದಲ್ಲಿ ಬೆಳೆದ ಬದನೆಕಾಯಿಯನ್ನು ಬುಟ್ಟಿ ತುಂಬ ಹೊತ್ತು, ನದಿ ದಾಟಿ, ಮಗಳನ್ನು ನೋಡುವ ಸಂಭ್ರಮದಲ್ಲಿ ಬುಟ್ಟಿ ಇಳಿಸುವುದನ್ನೂ ಮರೆತು ನೇರ ಕೋಣೆಗೆ ಬಂದಿದ್ದಳು. ಅಷ್ಟೇ. ಶಾಜಲಿ ಸ್ವತಃ ಮದುವೆಯ ಮೊದಲ ವಾರವೇ ಕ್ಷೌರದಂಗಡಿಯಿಂದ ಎದ್ದು, ಕತ್ತಿನಲ್ಲಿ ಇನ್ನೂ ಕೂದಲ ಚೂರು ಅಂಟಿರುವಾಗಲೇ ಅದೇ ಕೋಣೆಗೆ ನುಗ್ಗಿದ್ದ. ಅದನ್ನು ಯಾರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅಂದಿನಿಂದ ಹನಿಯಾಳ ತಾಯಿ ಅವರ ಹೊಸಿಲು ತುಳಿದಿಲ್ಲ. ಕಟ್ಟು ಹಾಕಿದವಳ ಮುಖ ನೋಡಿದರೆ ಕಟ್ಟು ಇನ್ನೂ ಬಿಗಿಯುತ್ತದೆಂದು ಹನಿಯಾಳನ್ನು ತವರಿಗೆ ಕಳಿಸುವುದೂ ನಿಂತಿತು. ಮನೆಯಲ್ಲಿ ಬದನೆಕಾಯಿ ಬೇಯುವುದು ನಿಂತಿತು. ಎಣ್ಣೆಯಲ್ಲಿ ಹುರಿದ ಬದನೆಕಾಯಿಯೆಂದರೆ ಪ್ರಾಣ ಬಿಡುತ್ತಿದ್ದ ಶಾಜಲಿ ಪೇಟೆಯಲ್ಲಿ ರೊಟ್ಟಿಯೊಳಗೆ ತುಂಬಿಸಿಕೊಂಡು, ಬಾಯಿ ತೊಳೆದುಕೊಂಡು ಮನೆಗೆ ಬರುತ್ತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಅದು ಇಂಥವರನ್ನು ಕಂಡೇ ಹುಟ್ಟಿದ ಮಾತಿರಬೇಕು.

ಗುಂಪು ಒಳಗೆ ಹೋಯಿತು. ಅವನು ಬಂಡೆಗೆ ಬೆನ್ನು ಕೊಟ್ಟು ಕೂತ. ಅಸ್ಯೂತ್ ಪಟ್ಟಣದ ಡಾಕ್ಟರ ಕೋಣೆಯಲ್ಲೂ ಇಂಥದೇ ತಣ್ಣಗಿನ ಗೋಡೆಯಿತ್ತು. ಕಳೆದ ಚಳಿಗಾಲ, ಗೈಡ್ ಲೈಸೆನ್ಸಿನ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ, ಅವನೊಬ್ಬನೇ ರೈಲು ಹತ್ತಿ ಹೋಗಿದ್ದ. ಡಾಕ್ಟರು ಒಳ್ಳೆಯ ಮನುಷ್ಯ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಏನೂ ಇಲ್ಲ" ಅಂದಿದ್ದರು. ಅವನ ಮುಖ ಅರಳಿದ್ದನ್ನು ಕಂಡು ಅವರಿಗೇ ಕಸಿವಿಸಿಯಾಗಿರಬೇಕು. "ಹಾಗಲ್ಲಪ್ಪ, ನಿನ್ನಲ್ಲಿ ಬೀಜಾನೇ ಇಲ್ಲ. ಒಂದೂ ಇಲ್ಲ. ಮೀಸೆ ಮೂಡೋ ವಯಸ್ಸಲ್ಲಿ ಕೆನ್ನೆ ಊದಿ ಗದ್ದಕಟ್ಟು ಆಗಿತ್ತಾ? ಆಗಿರ್ಬೇಕು. ಆಯಮ್ಮನ್ನ ಇನ್ನು ಸೂಜಿ ಮಾತ್ರೆ ಅಂತ ಅಲೆಸ್ಬೇಡ" ಅಂದರು. ಮನೆಗೆ ಬಂದಾಗ ತಾಯಿ, ಹನಿಯಾ ಇಬ್ಬರೂ ಊಟದ ತಟ್ಟೆಯ ಮುಂದೆ ಕಾಯುತ್ತಿದ್ದರು. ಲೈಸೆನ್ಸಿನ ಸುಳ್ಳು ತಾಯಿಯ ಮುಂದೆ ನಡೆಯಲಿಲ್ಲ. ಡಾಕ್ಟರು ಏನಂದರು ಅಂತ ಹೇಳು ಮೊದಲು, ಅಂದಳು. ರೊಟ್ಟಿಯ ತುಂಡನ್ನು ಸೊಪ್ಪಿನ ಸಾರಿಗೆ ಅದ್ದುತ್ತ ಅವನು, "ಏನೂ ಇಲ್ಲವಂತೆ" ಅಂದ.

ಅವನು ಸುಳ್ಳು ಹೇಳಿರಲಿಲ್ಲ. ಇದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೋ. ಡಾಕ್ಟರ ಬಾಯಿಂದ ಬಂದ ಮಾತನ್ನೇ ಒಂದಕ್ಷರ ಬದಲಿಸದೆ ಹೇಳಿದ್ದ. ಕೇಳಿದವರು ಹೇಗೆ ಕೇಳಿಸಿಕೊಂಡರೋ ಅದು ಅವರ ಪಾಡು. ತಾಯಿ ಎದ್ದು ಕಿಟಕಿಯ ಹತ್ತಿರ ಹೋಗಿ, ನಾಲಿಗೆ ಹೊರಳಿಸಿ, ಮದುವೆ ಮನೆಯಲ್ಲಿ ಹಾಕುವ ಹಾಗೆ ಉಲುಲು ಹಾಕಿದಳು. ಬೀದಿಯ ಹೆಂಗಸರು ಏನು ಸಂಗತಿಯೆಂದು ಕೇಳಿದರೆ, ನನ್ನ ಮಗನಲ್ಲಿ ಏನೂ ಇಲ್ಲವಂತೆ, ಅಂದಳು. ಹನಿಯಾ ತಲೆ ತಗ್ಗಿಸಿಕೊಂಡು ಅವನ ಲೋಟಕ್ಕೆ ನೀರು ಹಾಕಿದಳು. ಆಗ ಅವಳ ಮುಖವನ್ನು ನೋಡಿದ್ದರೆ ಅವನು ಹೇಳಿಬಿಡುತ್ತಿದ್ದನೇನೋ. ನೋಡಲಿಲ್ಲ, ನೀರು ಕುಡಿದ. ಆಮೇಲೆ ಹಾಗೇ ದಿನಗಳು ಹೋದವು. ದಿನ ಹೋದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು. ಈ ನಡುವೆ ಅವಳ ಹೊಟ್ಟೆಯ ಮೇಲೆ ಸೂಲಗಿತ್ತಿಯರು ಬಿಸಿ ಇಟ್ಟಿಗೆ ಇಟ್ಟರು. ಏನೇನೋ ಬೇರು ಅರೆದು ಕುಡಿಸಿದರು. ಅವಳು ವಾಂತಿ ಮಾಡಿಕೊಳ್ಳುವಾಗ ಬೆನ್ನು ಸವರಿದವನೂ ಅವನೇ. ನಾಳೆ ಶುಕ್ರವಾರ, ನಮಾಜು ಮುಗಿಸಿ ಅವನ ತಾಯಿ ಅರ್ಮಂತ್ ಊರಿನಲ್ಲಿದ್ದ ತನ್ನ ಅಣ್ಣನ ಮನೆಗೆ ಹೋಗಿ ಫಾತಿಹಾ ಓದಿ ಮಗನಿಗೆ ಎರಡನೆಯ ಹೆಣ್ಣಿನ ಮಾತು ಗಟ್ಟಿ ಮಾಡಿಕೊಂಡು ಬರುವವಳಿದ್ದಳು. ಸಕ್ಕರೆಯ ಪೊಟ್ಟಣಗಳು ಕಟ್ಟಿ ಮೂರು ದಿನವಾಗಿತ್ತು. ಇವಳೂ ಇರಲಿ ಬಿಡು, ಒಂದು ಮೂಲೇಲಿ, ಎಂದು ತಾಯಿ ಹನಿಯಾಳ ಎದುರೇ ಹೇಳಿದ್ದಳು. ಅರ್ಮಂತಿನ ಆ ಹುಡುಗಿಯೂ ಮೂರು ವರ್ಷ ಕಳೆದ ಮೇಲೆ ಹೀಗೇ ಕರಿ ನಿಲುವಂಗಿ ಎತ್ತಿ ಹಿಡಿದು ಈ ಗಾಡಿಯಿಂದ ಇಳಿಯುತ್ತಾಳೆ, ಆಗಲೂ ತಾನು ಈ ಬಂಡೆಯ ಹತ್ತಿರವೇ ನಿಂತಿರುತ್ತೇನೆ ಎಂದು ಶಾಜಲಿಗೆ ಸ್ಪಷ್ಟವಾಗಿ ಕಂಡಿತು.

"ಇದು ನೋಡಿ, ಇದೇನು ಪೂಜೆಯಾ?" ಕೆಂಪು ಟೋಪಿಯ ಮುದುಕಿ ಏದುಸಿರು ಬಿಡುತ್ತ ಗೋರಿಯಿಂದ ಹೊರಬಂದು ಅವನ ಮುಖದ ಮುಂದೆ ಫೋನು ಹಿಡಿದಳು. ಪರದೇಶದ ಒಳ್ಳೆಯ ಜೀವ, ಎಲ್ಲವನ್ನೂ ತಿಳಿದುಕೊಳ್ಳುವ ಆಸೆ. ಫೋನಿನಲ್ಲಿ ಅವನ ಹೆಂಡತಿ ರಾಜನ ಕಲ್ಲುಪೆಟ್ಟಿಗೆಯ ಸುತ್ತ ನಡೆಯುತ್ತಿದ್ದಳು. ಒಂದು ಕೈ ಕಲ್ಲಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಅವಳು ಮೂಲೆ ತಿರುಗುವಾಗಲೊಮ್ಮೆ ಯಾರದೋ ಫ್ಲ್ಯಾಷು ಮಿಂಚುತ್ತಿತ್ತು. ಅವಳು ಅದಕ್ಕೆ ಕಣ್ಣು ಮುಚ್ಚುತ್ತಿದ್ದಳೇ ಹೊರತು ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಹೀಗೆ ನಡೆಯುವುದನ್ನು ಅವನು ಕಂಡಿದ್ದ. ಹೊರಬಂದಿದ್ದ ಇನ್ನೂ ನಾಲ್ಕಾರು ಮಂದಿ ಸುತ್ತ ಸೇರಿದರು. ಗೈಡ್ ಹೇಳಬೇಕು. ಅವನ ಬಾಯಿ, ವರ್ಷಗಟ್ಟಲೆ ಈ ಪ್ರಶ್ನೆಗೆ ಉತ್ತರ ಹೇಳಿ ಪಳಗಿದ ಬಾಯಿ, ತನ್ನ ಪಾಡಿಗೆ ತಾನು ಶುರುಮಾಡಿತು: ಇದು ಹಳ್ಳಿಯ ಹೆಂಗಸರ ಮೂಢನಂಬಿಕೆ, ಬಂಜೆಯರು ಬಂದು ಏಳು ಸುತ್ತು ಹಾಕುತ್ತಾರೆ, ಆಮೇಲೆ ಕಾವಲುಗಾರ ದೀಪ ಆರಿಸಿ ಅವರನ್ನು ಹೆದರಿಸುತ್ತಾನೆ, ಬೆಚ್ಚಿಬಿದ್ದರೆ ಗರ್ಭದ ಕಟ್ಟು ಬಿಡುತ್ತದಂತೆ.

"ಮಕ್ಕಳಾಗ್ತವಾ?" ಮುದುಕಿ ಕೇಳಿದಳು.

"ಆಗ್ತವೆ ಮೇಡಂ, ಒಂದೊಂದು ಸಲ," ಅಂದ ಶಾಜಲಿ. "ಕಾವಲುಗಾರ ಪ್ರಾಯದವನಾಗಿದ್ರೆ."

ಇದು ಅವನ ಹಳೆಯ ಜೋಕು. ಎಲ್ಲರೂ ನಕ್ಕರು. ಒಬ್ಬ ಗಂಡಸು ಬೆನ್ನು ಬಾಗಿಸಿ ನಕ್ಕ. ನಗು ಬಂಡೆಗೆ ಬಡಿದು ವಾಪಸು ಬಂದ ಮೇಲೆ ತಾನು ಏನು ಹೇಳಿದೆ, ಯಾರ ಬಗ್ಗೆ ಹೇಳಿದೆ ಎಂಬುದು ಅವನಿಗೆ ಹೊಳೆಯಿತು. ಫೋನಿನಲ್ಲಿ ಅವಳು ಇನ್ನೂ ನಡೆಯುತ್ತಲೇ ಇದ್ದಳು. ಅದನ್ನು ಅಳಿಸಿಬಿಡಿ ಎಂದು ಹೇಳಬೇಕೆನ್ನಿಸಿತು. ಯಾಕೆ ಅಂತ ಕೇಳಿದರೆ ಏನು ಹೇಳುವುದು? ಮುದುಕಿ ಅದನ್ನು ಆಗಲೇ ಯಾರಿಗೋ ಕಳಿಸುತ್ತಿದ್ದಳು.

ಕಾವಲುಗಾರ ಬುಗ್ದಾದಿ ಗೋರಿಯ ಬಾಯಿಗೆ ಬಂದು ನಿಂತು, ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ. ಎಪ್ಪತ್ತರ ಹತ್ತಿರದ ಮುದುಕ. ಚಹಾಕ್ಕೆ ಸಕ್ಕರೆ ಸುರಿದೂ ಸುರಿದೂ ಹಲ್ಲೆಲ್ಲ ಹೋಗಿತ್ತು. ಶಾಜಲಿಯ ಆ ಜೋಕಿಗೆ ತಾನೇ ಎದೆ ಸೆಟೆಸಿ ಪ್ರವಾಸಿಗಳ ಮುಂದೆ ಮೆರೆಯುತ್ತಿದ್ದವನು. ಇವತ್ತು ಅವನಿಗೂ ಬೇಜಾರಾಗಿತ್ತು.

"ಏನು ಹೆಂಗಸು ಮೇಷ್ಟ್ರೇ ಅದು. ದೀಪ ಆರಿಸ್ದೆ, ತಗಡು ಬಡಿದೆ, ನಾಯಿ ಥರ ಬೊಗಳಿದೆ. ಕಂಬ ನಿಂತ ಹಾಗೆ ನಿಂತವ್ಳೆ. ಬೆಚ್ಚದೇ ಹೋದ್ರೆ ಕಟ್ಟು ಹೆಂಗೆ ಬಿಡುತ್ತೆ? ಯಾರಾದ್ರೂ ಮನೆಯೋರು ಬಂದಿದ್ರೆ ಏನೋ ಒಂದು ಮಾಡ್ಬೋದಿತ್ತು. ಒಂಟಿ ಬಂದವ್ಳೆ. ಯಾವ ನಾಮರ್ದ ಕಳಿಸಿದ್ನೋ."

"ದೀಪ ಇನ್ನೊಂದ್ಸಲ ಆರಿಸು ಕಾಕಾ. ನಾನು ಹೋಗ್ತೀನಿ."

"ನೀವಾ? ಗೈಡುಗಳು ಒಳಗೆ ಬಾಯಿ ಬಿಡೋ ಹಾಗಿಲ್ಲ, ಗೊತ್ತಲ್ಲ. ಇನ್ಸ್‌ಪೆಕ್ಟ್ರು ಬಂದ್ರೆ ನನ್ನ ಕೆಲಸ ಹೋಗುತ್ತೆ."

"ನನ್ನ ಹೆಂಡ್ತಿ ಕಾಕಾ ಅವಳು."

ಬುಗ್ದಾದಿಯ ಬಾಯಿ ತೆರೆದೇ ಇತ್ತು. ಅವನು ಶಾಜಲಿಯನ್ನು ನೋಡಿದ, ನಗುತ್ತಿದ್ದ ಪ್ರವಾಸಿಗಳನ್ನು ನೋಡಿದ, ಆಮೇಲೆ ತನ್ನ ಚಪ್ಪಲಿಯನ್ನು ನೋಡಿಕೊಂಡ. "ಹೋಗಿ, ಹೋಗಿ," ಅಂದ ಮೆಲ್ಲಗೆ. "ಒಳಗೀಗ ಬೇರೆ ಯಾರೂ ಇಲ್ಲ. ನಾನು ಇಲ್ಲೇ ಜನಾನ ತಡೆದು ನಿಲ್ಲಿಸ್ತೀನಿ. ಬೆಚ್ಚಿದ ಮೇಲೆ ಮಾತಾಡ್ಬಾರ್ದು ಅನ್ನಿ ಆಯಮ್ಮಂಗೆ. ಹಿಂದಕ್ಕೆ ತಿರುಗಿ ನೋಡ್ಬಾರ್ದು. ಬಂದ ದಾರೀಲಿ ಹೋಗ್ಬಾರ್ದು."

ಇಳಿಜಾರಿನ ಹಲಗೆಯ ಮೇಲೆ ಅವನು ಇಳಿದ. ಗೋಡೆಯ ಎರಡೂ ಬದಿಗೆ ಹಾವುಗಳು, ದೋಣಿಗಳು, ತಲೆ ಕಡಿಸಿಕೊಂಡು ಕೈ ಕಟ್ಟಿ ನಿಂತ ವೈರಿಗಳು. ಇವನ್ನೆಲ್ಲ ಅವನು ಹೊರಗೆ ನಿಂತು ಎಷ್ಟು ವರ್ಷ ವರ್ಣಿಸಿದ್ದ. ಒಳಗೆ ಬಂದು ಯಾವ ಕಾಲವಾಗಿತ್ತೋ. ಕೆಳಗಿಳಿದಷ್ಟೂ ಗಾಳಿ ಬೆಚ್ಚಗಾಗಿ, ಸಾವಿರ ಜನರ ಬೆವರಿನ ವಾಸನೆ ಹೊಡೆಯುತ್ತಿತ್ತು. ಹೇಳಬಾರದು ಎಂದು ಒಂದು ಹೆಜ್ಜೆಗೆ ಅನ್ನಿಸಿತು, ಹೇಳಬೇಕು ಎಂದು ಇನ್ನೊಂದಕ್ಕೆ. ಹೇಳಿದರೆ ನಾಳೆ ತಾಯಿ ಬೀದಿಯಲ್ಲಿ ಹೇಗೆ ತಲೆಯೆತ್ತುತ್ತಾಳೆ, ತಾನು ಉಲುಲು ಹಾಕಿದ ಅದೇ ಕಿಟಕಿಯನ್ನು ಹೇಗೆ ತೆರೆಯುತ್ತಾಳೆ? ಗೈಡುಗಳು ಕೂಡುವ ಚಹಾದಂಗಡಿಯಲ್ಲಿ ತನ್ನ ಜೋಕನ್ನು ತನಗೇ ಹೇಳುತ್ತಾರೆ. ಕಲ್ಲುಪೆಟ್ಟಿಗೆಯ ಕೋಣೆ ಸಿಕ್ಕಿತು. ಮೇಲೆ ಮಾಡಿನ ಉದ್ದಕ್ಕೂ ದೇವಿ ಚಾಚಿ ಮಲಗಿದ್ದಳು, ಹೊಟ್ಟೆಯೊಳಗೆ ಸಾಲಾಗಿ ಕೆಂಪು ಸೂರ್ಯರು. ಅದರ ಕೆಳಗೆ ಹಸಿರು ತಲೆವಸ್ತ್ರ. ಅಷ್ಟರಲ್ಲಿ ದೀಪ ಆರಿತು.

"ಹನಿಯಾ."

ಅವಳು ಬೆಚ್ಚಲಿಲ್ಲ. "ಯಾಕೆ ಬಂದೆ ನೀನು?" ಅಂದಳು. "ನಿನ್ನ ಜನ ಕಾಯ್ತಾರೆ. ಗುರುತು ಇಲ್ಲದೋಳ ಥರ ಹೋಗಿದ್ದೆ, ನಿನಗೆ ನಾಚಿಕೆ ಆಗ್ಬಾರ್ದು ಅಂತ."

"ಕಾಕಾ ಹೇಳ್ದ, ನೀನು ಬೆಚ್ತಾ ಇಲ್ಲ ಅಂತ."

"ಬರ್ತಾ ಇಲ್ಲ ಹೆದ್ರಿಕೆ. ಏನ್ ಮಾಡ್ಲಿ? ಪಾಪ, ಆ ಅಜ್ಜ ಬೊಗಳಿದ. ನಗು ಬಂತು. ನಿಮ್ಮವ್ವ ನನ್ನ ಕೈಯಲ್ಲೇ ಸಕ್ಕರೆ ಪೊಟ್ಟಣ ಕಟ್ಟಿಸಿದ್ಲು, ಆ ಹುಡುಗಿಗೆ ಅಂತ. ಅದನ್ನ ಕಟ್ಟಿದ ಮೇಲೆ ಕತ್ತಲೆ ಏನು ಮಹಾ." ಅವಳ ಧ್ವನಿ ಕಲ್ಲಿನ ಇನ್ನೊಂದು ಬದಿಯಿಂದ ಬರುತ್ತಿತ್ತು. ಆಮೇಲೆ ಅದು ಒಡೆಯಿತು. "ಶಾಜಲಿ, ನೀನಾದ್ರೂ ಹೆದರಿಸು ನನ್ನ. ಏನಾದ್ರೂ ಮಾಡು. ನಾಳೆ ಶುಕ್ರವಾರ. ಇವತ್ತು ಕಟ್ಟು ಬಿಡ್ಲಿಲ್ಲ ಅಂದ್ರೆ ನನಗೆ ಇನ್ನೊಂದು ದಿನ ಇಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಹೆದರಿಸು."

ಅವನು ಹೋ ಎಂದು ಕೂಗಿದ. ಕೂಗು ಮಕ್ಕಳಾಟದಂತೆ ಕೇಳಿಸಿತು. ಕಲ್ಲಿಗೆ ಅಂಗೈ ಬಡಿದ. ಅವಳು ಕತ್ತಲಲ್ಲಿ ಕಾಯುತ್ತಿದ್ದಳು. ಬೆಚ್ಚಲು ಇಷ್ಟು ಆಸೆಪಟ್ಟು ಕಾಯುವ ಮನುಷ್ಯರನ್ನು ಅವನು ಕಂಡಿರಲಿಲ್ಲ. ಅವನಿಗೆ ಅಳು ಬಂತು. ಅವಳು ಕಾಣುತ್ತಿರಲಿಲ್ಲ, ಅದರಿಂದಲೇ ನಾಲಿಗೆ ಹೊರಳಿತು.

"ಅಸ್ಯೂತಿನ ಡಾಕ್ಟ್ರು ಏನೂ ಇಲ್ಲ ಅಂದ್ರಲ್ಲ, ಅದು ರೋಗ ಇಲ್ಲ ಅಂತಲ್ಲ. ನನ್ನಲ್ಲಿ ಏನೂ ಇಲ್ಲ ಅಂತ. ಬೀಜ ಇಲ್ಲ ಹನಿಯಾ. ಯಾವತ್ತೂ ಇರ್ಲಿಲ್ಲ. ನಿನಗೆ ಯಾವ ಕಟ್ಟೂ ಇಲ್ಲ. ನಿಮ್ಮಮ್ಮ ಏನೂ ಮಾಡ್ಲಿಲ್ಲ."

ಚಳಿಯಲ್ಲಿ ಕಾಲುವೆಗೆ ಕಾಲಿಟ್ಟವರು ಉಸಿರು ಎಳೆದುಕೊಳ್ಳುತ್ತಾರಲ್ಲ, ಅಂಥ ಒಂದು ಸದ್ದು ಕೇಳಿಸಿತು. ಕೈಬಳೆ ಕಲ್ಲಿಗೆ ತಾಗಿತು. ಅವನು ಕಾದ. ಬಯ್ಯಲಿ, ಹೊಡೆಯಲಿ, ಇಲ್ಲ ಹೋಗಲಿ ಬಿಡು ಅನ್ನಲಿ ಎಂದು ಕಾದ. ಹೋಗಲಿ ಬಿಡು ಎಂಬ ಮಾತಿಗೇ ಹೆಚ್ಚು ಕಾದನೆಂಬುದು ಅವನಿಗೂ ಗೊತ್ತಿತ್ತು. ಮೇಲೆ ಬುಗ್ದಾದಿ ತನ್ನ ಲೆಕ್ಕದ ಹೊತ್ತು ಮುಗಿದು ದೀಪ ಹಾಕಿದ. ಹನಿಯಾ ಎರಡೂ ಕೈಯನ್ನು ಕಲ್ಲಿನ ಮೇಲೆ ಊರಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಏನೋ ಹೇಳಲು ಬಾಯಿ ತೆರೆದಳು. ತೆರೆದವಳು ನಿಯಮ ನೆನಪಾದವಳಂತೆ ಮುಚ್ಚಿಕೊಂಡಳು. ತಲೆವಸ್ತ್ರವನ್ನು ಬಿಗಿಮಾಡಿಕೊಂಡು, ಅವನ ಪಕ್ಕದಲ್ಲೇ ಹಾದು, ಹಲಗೆ ಹತ್ತಿ ಹೊರಟಳು.

"ಬೆಚ್ಚಿದ್ಲು, ಬೆಚ್ಚಿದ್ಲು," ಎಂದು ಬುಗ್ದಾದಿ ಗೋರಿಯ ಬಾಯಲ್ಲಿ ಸಂಭ್ರಮದಿಂದ ದಾರಿ ಬಿಟ್ಟ. "ಮುಖ ನೋಡಿದ್ರೇ ಗೊತ್ತಾಗುತ್ತೆ. ಮಾತಾಡ್ಬೇಡ ತಾಯಿ. ಹಂಗೇ ಹೋಗು. ಮುಂದಿನ ವರ್ಷ ಮಗೂನ ತಂದು ತೋರಿಸ್ಬೇಕು ನನಗೆ." ಕೆಂಪು ಟೋಪಿಯ ಮುದುಕಿ ಚಪ್ಪಾಳೆ ತಟ್ಟಿದಳು, ಬೇರೆಯವರೂ ತಟ್ಟಿದರು. ಹನಿಯಾ ಯಾರನ್ನೂ ನೋಡಲಿಲ್ಲ. ಶಾಜಲಿ ಅವಳ ಹಿಂದೆ ನಡೆದ. ಮುಂದಿನ ಗೋರಿ ಯಾವುದು ಎಂದು ಗುಂಪಿನವರು ಕೇಳಿದ್ದು ಅವನಿಗೆ ಕೇಳಿಸಿತು, ಆದರೂ ನಿಲ್ಲಲಿಲ್ಲ.

ಗೇಟಿನಾಚೆ ಹಳ್ಳಿಗಳಿಗೆ ಹೋಗುವ ಪಿಕಪ್ ನಿಂತಿತ್ತು. ಹಿಂಬದಿಯ ಎರಡು ಹಲಗೆಗಳಲ್ಲಿ ಒಂದರ ತುದಿಗೆ ಅವಳು ಕೂತಳು, ಎದುರು ಹಲಗೆಯಲ್ಲಿ ಅವನು. ದಾರಿಯುದ್ದಕ್ಕೂ ಅವಳು ಹಿಂದೆ ಓಡುವ ರಸ್ತೆಯನ್ನು ನೋಡದೆ, ತಲೆ ತಿರುಗಿಸಿ ಮುಂದಕ್ಕೇ ನೋಡುತ್ತಿದ್ದಳು. ನಿಯಮಕ್ಕೆ ಹಾಗೆ ಕೂತಿದ್ದಾಳೋ, ತನ್ನ ಮುಖ ನೋಡಲಾರದೆ ಹಾಗೆ ಕೂತಿದ್ದಾಳೋ ಅವನಿಗೆ ತಿಳಿಯಲಿಲ್ಲ. ನಿಯಮವೇ ಇರಬೇಕು ಅಂದುಕೊಂಡ. ಕಟ್ಟೇ ಇಲ್ಲ ಎಂದು ತಿಳಿದವಳಿಗೆ ನಿಯಮ ಯಾಕೆ ಎಂದೂ ಅಂದುಕೊಂಡ. ಹನಿಯಾ, ಎಂದು ಒಮ್ಮೆ ಕರೆದ. ಇಂಜಿನ್ನಿನ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ.

ಕಾಲುವೆಯ ಸೇತುವೆ ಬಂತು. ಎಡಕ್ಕೆ ಹೋದರೆ ದೋಣಿಕಟ್ಟೆ, ನದಿಯಾಚೆಗೆ ಅವನ ಮನೆ. ಬಲಕ್ಕೆ ಕಬ್ಬಿನ ಗದ್ದೆಗಳ ನಡುವೆ ಮಣ್ಣಿನ ದಾರಿ, ಅವಳ ತವರಿಗೆ. ಅವಳು ಉಂಗುರದ ಬೆರಳಿನಿಂದ ಪಿಕಪ್ಪಿನ ತಗಡಿಗೆ ಟಕಟಕ ಬಡಿದಳು. ಗಾಡಿ ನಿಂತಿತು. ಇಳಿದವಳು ಸೇತುವೆಯ ಪಕ್ಕದ ತರಕಾರಿಯ ಕತ್ತೆಗಾಡಿಯ ಹತ್ತಿರ ಹೋದಳು. "ಏನು ಕೊಡ್ಲಿ ತಾಯಿ?" ಎಂದು ಗಾಡಿಯವನು ಕೇಳಿದ. ಅವಳು ಮಾತಾಡದೆ ಬೆರಳು ತೋರಿಸಿದಳು. ಅವನು ಒಂದು ತೆಗೆದ, ಅವಳು ಇನ್ನೊಂದಕ್ಕೆ ತೋರಿಸಿದಳು, ಆಮೇಲೆ ಮತ್ತೊಂದಕ್ಕೆ. ಕರ್ರಗೆ, ನುಣ್ಣಗೆ, ಬಿಸಿಲಿಗೆ ಹೊಳೆಯುವ ದಪ್ಪ ಬದನೆಕಾಯಿಗಳು. ಎರಡೂ ಕೈಯಲ್ಲಿ ಅವನ್ನು ಎದೆಗವಚಿಕೊಂಡು ಅವಳು ಕಬ್ಬಿನ ದಾರಿಗೆ ತಿರುಗಿದಳು. ಹಿಂದಕ್ಕೆ ನೋಡಲಿಲ್ಲ.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ಬಗ್ಗಿದ. "ಯಾಕೆ ಮೇಷ್ಟ್ರೇ ಹಂಗೆ ಎದ್ದು ನಿಂತ್ರಿ? ಏನಾಯ್ತು?"

"ಏನೂ ಇಲ್ಲ," ಅಂದ ಶಾಜಲಿ.

"ಏನೂ ಇಲ್ದಿದ್ರೆ ಒಳ್ಳೇದೇ ಆಯ್ತು ಬಿಡಿ, ದೇವರು ದೊಡ್ಡೋನು," ಅಂದು ಡ್ರೈವರ್ ದೋಣಿಕಟ್ಟೆಯ ಕಡೆಗೆ ಗಾಡಿ ತಿರುಗಿಸಿದ.